ಟಿ206, 1952ರ ಟಾಪ್ಸ್, 1989ರ ಅಪ್ಪರ್ ಡೆಕ್: ಹಳೇ ಬೇಸ್‌ಬಾಲ್ ಕಾರ್ಡುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಿ206ಕ್ಕೆ, ಅಂದರೆ ನೂರು ವರ್ಷಕ್ಕೂ ಹಿಂದೆ ಸಿಗರೇಟು ಪ್ಯಾಕಿನಲ್ಲಿ ಬರುತ್ತಿದ್ದ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡಿಗೆ. ಅದೂ ಮೂಲೆ ಸವೆದು, ನಡುವೆ ಮಡಿಕೆ ಬಿದ್ದು, ಗ್ರೇಡಿಂಗ್‌ನಲ್ಲಿ (ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವುದು) ಹತ್ತಕ್ಕೆ ಒಂದೋ ಎರಡೋ ಪಡೆದ ಕಾರ್ಡಿಗೆ.

ಅಪ್ಪರ್ ಡೆಕ್ ಕಂಪನಿಯ ಕಾರ್ಡಿನದು ಬೇಗ ಮುಗಿಯುವ ಮಾತು. ಕೆನ್ ಗ್ರಿಫಿ ಜೂನಿಯರ್‌ನ ಒಂದನೇ ನಂಬರಿನ ಕಾರ್ಡು ಅಚ್ಚಾದಾಗ ಅವನಿನ್ನೂ ಮೇಜರ್ ಲೀಗಿಗೆ (ಅಮೆರಿಕದ ಬೇಸ್‌ಬಾಲ್‌ನ ಮೇಲಿನ ಹಂತ) ಕಾಲಿಟ್ಟಿರಲಿಲ್ಲ. ಫೋಟೋದಲ್ಲಿದ್ದ ಕೆಳಹಂತದ ಸ್ಯಾನ್ ಬರ್ನಾರ್ಡಿನೊ ತಂಡದ ಟೋಪಿಯನ್ನೇ ತಿದ್ದಿ ಸಿಯಾಟಲ್ ಮರೀನರ್ಸ್ ಟೋಪಿ ಮಾಡಿದ್ದಾರೆ. 630 ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವುದು) ಬಂದದ್ದೆಲ್ಲ ಆಮೇಲೆ. ಕಾರ್ಡು ಚೆಂದ, ಆದರೆ ಎಲ್ಲೆಂದರಲ್ಲಿ ಸಿಗುತ್ತದೆ.

ಟಾಪ್ಸ್ ಕಂಪನಿಯ 1952ರ ಕಾರ್ಡು ಅಂದರೆ ಎಲ್ಲರ ಬಾಯಲ್ಲೂ 311ನೇ ನಂಬರಿನ ಮಿಕ್ಕಿ ಮ್ಯಾಂಟಲ್. ಹಿಂಬದಿಯಲ್ಲಿ 'ಕಳೆದ ವರ್ಷ' ಒಂದು ಸಾಲು, 'ಒಟ್ಟು' ಇನ್ನೊಂದು ಸಾಲು. ಹುಡುಗ ಆಡಿದ್ದೇ ಒಂದು ವರ್ಷ, ಹಾಗಾಗಿ ಎರಡರಲ್ಲೂ 1951ರ ಅದೇ ಲೆಕ್ಕ: 96 ಪಂದ್ಯ, 13 ಹೋಮ್ ರನ್, ಬ್ಯಾಟಿಂಗ್ ಸರಾಸರಿ .267. ನಾಲ್ಕೇ ವರ್ಷದಾಚೆ, 1956ರಲ್ಲಿ, 52 ಹೋಮ್ ರನ್ ಹೊಡೆದು ಟ್ರಿಪಲ್ ಕ್ರೌನ್ ಗೆದ್ದ, ಅಂದರೆ ಸರಾಸರಿ, ಹೋಮ್ ರನ್, ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್ ಮೂರರಲ್ಲೂ ಲೀಗಿಗೇ ಮೊದಲಿಗ. 1952ರಲ್ಲಿ ಕೊನೆಗೆ ಬಂದ 311ರಿಂದ 407ರವರೆಗಿನ ಕಾರ್ಡುಗಳು ಸರಿಯಾಗಿ ಖರ್ಚಾಗಲಿಲ್ಲ. ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಕಂಪನಿಯವರೇ ಸಮುದ್ರಕ್ಕೆ ಸುರಿದರು. ಹಾಗಾಗಿ ಹರಿದ ಮ್ಯಾಂಟಲ್‌ಗೂ ಸಾವಿರಾರು ಡಾಲರ್. ನನ್ನ ಜೇಬಿಗೆ ಅದು ಆಗದ ಮಾತು. ಒಂದು ಎಚ್ಚರಿಕೆ: 1983ರ ಮರುಮುದ್ರಣದ ಅಳತೆ 2½ × 3½ ಇಂಚು, ಅಸಲಿಯದು 2⅝ × 3¾. ಸ್ಕೇಲ್ ಇಟ್ಟರೆ ಸಾಕು.

ಟಿ206ರಲ್ಲಿ ಸ್ಕೇಲ್ ಕೈಕೊಡುತ್ತದೆ. ಇದರ ದೊಡ್ಡ ತಲೆನೋವು ಅದೇ.

1909ರಿಂದ 1911ರವರೆಗೆ ಸಿಗರೇಟು ಪ್ಯಾಕಿನಲ್ಲಿ ಬಂದ ಈ ಕಾರ್ಡಿನ ಅಳತೆ ಲೆಕ್ಕಕ್ಕೆ 1 7/16 × 2⅝ ಇಂಚು. ಸವೆದ ಮೂಲೆ ಚೂಪಾಗಿ ಕಾಣಲಿ ಅಂತ ಅಂಚು ಕತ್ತರಿಸಿ ಮಾರುವವರು ಬೇಕಾದಷ್ಟಿದ್ದಾರೆ. ಕತ್ತರಿ ಬಿದ್ದದ್ದು ಗೊತ್ತಾದರೆ ಗ್ರೇಡಿಂಗ್‌ನವರು ಅಂಕ ಕೊಡುವುದಿಲ್ಲ, 'ಅಥೆಂಟಿಕ್' (ಅಸಲಿ) ಅಂತಷ್ಟೇ ಬರೆಯುತ್ತಾರೆ, ಬೆಲೆ ಬೀಳುತ್ತದೆ. ಅಳೆದು ನೋಡೋಣವೆಂದರೆ ಕಾರ್ಖಾನೆಯಲ್ಲೇ ಅಳತೆ ಹೆಚ್ಚುಕಡಿಮೆ ಆಗಿದೆ. ಹಿಂಬದಿಯಲ್ಲಿ 'ಅಮೆರಿಕನ್ ಬ್ಯೂಟಿ' ಸಿಗರೇಟಿನ ಜಾಹೀರಾತು ಇರುವವಂತೂ ಹುಟ್ಟಿನಿಂದಲೇ ಅಗಲ ಕಡಿಮೆ. ಅಂದರೆ ಕಿರಿದಾದದ್ದೆಲ್ಲ ಕತ್ತರಿಸಿದ್ದಲ್ಲ, ಅಳತೆ ಸರಿಯಿದ್ದದ್ದೆಲ್ಲ ನೆಟ್ಟಗಿರುವುದೂ ಅಲ್ಲ. ದೊಡ್ಡದಾಗಿ ಹುಟ್ಟಿದ್ದನ್ನು ಕತ್ತರಿಸಿದರೆ ಅಳತೆ ಸರಿಯಾಗಿಯೇ ಬರುತ್ತದೆ.

ಹಾಗಾಗಿ ಅಳೆಯುವುದಕ್ಕಿಂತ ಅಂಚನ್ನೇ ನೋಡಬೇಕು. 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಕಾರ್ಡನ್ನು ಪಕ್ಕಕ್ಕೆ ತಿರುಗಿಸಿ ಹಿಡಿಯಿರಿ. ಮೂರು ಅಂಚು ಕಂದು, ಒಂದೇ ಅಂಚು ಬೆಳ್ಳಗಿದ್ದರೆ ಬಿಟ್ಟುಬಿಡಿ. ಮುಖವೆಲ್ಲ ಮಡಿಕೆ, ಮೂಲೆ ಮಾತ್ರ ಸೂಜಿಮೊನೆ ಅಂದರೂ ಅನುಮಾನವೇ. ಹೆಸರಿನ ಅಕ್ಷರ ತುಂಬು ಶಾಯಿಯಲ್ಲಿರಬೇಕು. ಚುಕ್ಕಿಚುಕ್ಕಿಯಾಗಿ ಒಡೆದಿದ್ದರೆ ಮರುಮುದ್ರಣ. ಯುವಿ ಟಾರ್ಚ್ ಬಿಟ್ಟಾಗ ಕಾಗದ ನೀಲಿಬಿಳುಪಾಗಿ ಹೊಳೆದರೆ ಅದು ಆ ಕಾಲದ ಕಾಗದವೇ ಅಲ್ಲ.

ಇಷ್ಟು ತಾಪತ್ರಯ ಯಾಕೆ? ಆಟಗಾರರಿಗಾಗಿ. ಟೈ ಕಾಬ್‌ನದೇ ನಾಲ್ಕು ಕಾರ್ಡಿವೆ. 1909ರಲ್ಲಿ ಅವನು ಟ್ರಿಪಲ್ ಕ್ರೌನ್ ಗೆದ್ದದ್ದು ಬರೀ 9 ಹೋಮ್ ರನ್‌ನಿಂದ, ಒಂದೂ ಬೇಲಿ ದಾಟಿದ್ದಲ್ಲ! ಮ್ಯಾಂಟಲ್‌ನ 52ರ ಪಕ್ಕ ಇಟ್ಟು ನೋಡಿದರೆ ಆಟವೇ ಬೇರೆ ಅನಿಸುತ್ತದೆ. 511 ಗೆಲುವಿನ ಪಿಚರ್ (ಚೆಂಡೆಸೆಯುವವನು) ಸೈ ಯಂಗ್ ಇಲ್ಲಿ ವೃತ್ತಿಯ ಕೊನೆಯಲ್ಲಿದ್ದಾನೆ. ಟಿ206ರಲ್ಲೇ ಅತಿ ಹೆಸರುವಾಸಿಯಾದ ಹೋನಸ್ ವ್ಯಾಗ್ನರ್‌ನ ಕಾರ್ಡಿನ ಮಾತು ಬಿಡಿ, 2022ರಲ್ಲಿ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಹೋಯಿತು.

ಹೆಚ್ಚು ಹೆಸರಿಲ್ಲದ ಆಟಗಾರ ಸವೆದ ಸ್ಥಿತಿಯಲ್ಲಿ ನೂರು ಡಾಲರ್ ಆಸುಪಾಸಿಗೆ ಸಿಗುತ್ತಾನೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು ಕೂಡಿಟ್ಟು 1908ರ ವರ್ಲ್ಡ್ ಸೀರೀಸ್ ಗೆದ್ದ ಕಬ್ಸ್ ತಂಡದ ಟಿಂಕರ್, ಎವರ್ಸ್, ಚಾನ್ಸ್ ಮೂವರನ್ನೂ ಒಬ್ಬೊಬ್ಬರಾಗಿ ತರುವುದೇ ಸರಿ. ಹಿಂಬದಿ ಪೀಡ್‌ಮಾಂಟ್ ಅಥವಾ ಸ್ವೀಟ್ ಕ್ಯಾಪೊರಲ್‌ನಂಥ ಮಾಮೂಲಿ ಸಿಗರೇಟಿನ ಜಾಹೀರಾತು ಇದ್ದರೆ ಸಾಕು, ಅಪರೂಪದ ಬ್ರ್ಯಾಂಡಿಗೆ ದುಪ್ಪಟ್ಟು ತೆರಬೇಡಿ. ಇಡುವಾಗ ತಂಬಾಕು ಕಾರ್ಡಿನ ಅಳತೆಯ ಸಣ್ಣ ಕವರೇ ಬೇಕು. ಮಾಮೂಲಿ ಕವರಿನಲ್ಲಿ ಅಲುಗಾಡಿ ಇರುವ ಮೂಲೆಯೂ ಹೋಗುತ್ತದೆ.