ನಮ್ಮ ಬಡಾವಣೆಯ ಅಯ್ಯಂಗಾರ್ ಬೇಕರಿ: ರುಚಿ ಮತ್ತು ರಸೀದಿ

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿರುವ ಈ ಅಯ್ಯಂಗಾರ್ ಬೇಕರಿಯ ಖಾರಾ ಬನ್ನಿನ ಬಗ್ಗೆ ಎರಡು ಮಾತಿಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಹಿಟ್ಟಿನಲ್ಲಿ ಹದವಾಗಿ ಬೆರೆತಿರುತ್ತವೆ. ಸಂಜೆ ಓವನ್‌ನಿಂದ ಇಳಿದ ಟ್ರೇ ನೋಡನೋಡುತ್ತಲೇ ಖಾಲಿಯಾಗುತ್ತದೆ. ದಿಲ್‌ಪಸಂದ್‌ನ ಹೂರಣದಲ್ಲಿ ಟೂಟಿಫ್ರೂಟಿಗಿಂತ ಕೊಬ್ಬರಿಯೇ ಹೆಚ್ಚಿರುವುದು ಈಗಿನ ಕಾಲಕ್ಕೆ ದೊಡ್ಡ ವಿಷಯ. ಹನಿ ಕೇಕ್ ಮಾತ್ರ ಅತಿ ಸಿಹಿ.

ವ್ಯವಹಾರದ ಬಗ್ಗೆ ಇಷ್ಟು ನೆಮ್ಮದಿಯಿಂದ ಬರೆಯಲಾಗದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಸಂದಾಯವಾದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ, ಇಲ್ಲಿನ ಗಲ್ಲಾಪೆಟ್ಟಿಗೆಯ ಮೇಲಿದ್ದ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದ ರಟ್ಟು ಬಂದು ಕುಳಿತಿತು. ಆ ನೋಟಿಸ್ ಕಂಡು ವ್ಯಾಪಾರಿಗಳಿಗೆ ಬಂದ ಸಿಟ್ಟು ನ್ಯಾಯವಾದದ್ದೇ ಆಗಿತ್ತು. ಜಿಎಸ್‌ಟಿ (ಸರಕು ಮತ್ತು ಸೇವಾ ತೆರಿಗೆ) ನೋಂದಣಿಗೆ ಇರುವ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ಮಿತಿಯನ್ನು ಲೆಕ್ಕ ಹಾಕುವಾಗ ಬ್ರೆಡ್ಡು, ಹಾಲುಗಳ ಮಾರಾಟವೂ ಸೇರುತ್ತದೆ ನಿಜ. ಆದರೆ ತೆರಿಗೆಯೇ ಇಲ್ಲದ ಆ ಸರಕುಗಳ ಹಣವನ್ನು ಬೇರ್ಪಡಿಸದೆ, ಹಿಂದಿನ ವರ್ಷಗಳ ಬಾಕಿಯನ್ನೆಲ್ಲ ಒಮ್ಮೆಗೇ ಕೇಳಿದರೆ ದಿನದ ಸಂಪಾದನೆಯಲ್ಲಿ ಬದುಕುವವರು ಬೆಚ್ಚದೆ ಇರುತ್ತಾರೆಯೇ? ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದ ಮೇಲಷ್ಟೇ ಗದ್ದಲ ತಣ್ಣಗಾಯಿತು.

ನನ್ನ ತಕರಾರು ಅನಂತರದ್ದು. ಆ ಗಲಾಟೆಯ ಬೆನ್ನಿಗೇ ಇಲ್ಲಿ ಕೇಕು, ಪಫ್‌ಗಳ ಬೆಲೆ ಏರಿತು. ಕಾರಣ ಕೇಳಿದರೆ “ಜಿಎಸ್‌ಟಿ ಅಲ್ವಾ ಸಾರ್” ಎಂಬ ಉತ್ತರ. ಬಿಲ್ ಕೊಡಿ ಎಂದರೆ ಕ್ಯಾಲ್ಕುಲೇಟರನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸುತ್ತಾರೆ. ನೋಂದಣಿಯಿಲ್ಲದವರು ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ವಾರ್ಷಿಕ ವಹಿವಾಟು 1.5 ಕೋಟಿ ರೂಪಾಯಿ ಮೀರದವರಿಗೆಂದು ಇರುವ ಕಾಂಪೋಸಿಷನ್ ಯೋಜನೆಯನ್ನು ಆರಿಸಿಕೊಂಡವರು ವಹಿವಾಟಿನ ಶೇ. 1ರಷ್ಟನ್ನು ತಾವೇ ಕಟ್ಟಬೇಕು, ಅಂಗಡಿಯಲ್ಲಿ ಹಾಗೆಂದು ಫಲಕ ಹಾಕಬೇಕು. ಅವರೂ ಗ್ರಾಹಕರಿಂದ ತೆರಿಗೆ ಕೇಳುವಂತಿಲ್ಲ. ಇವೆರಡೂ ಅಲ್ಲವೆಂದಾದರೆ ನೋಂದಣಿ ಸಂಖ್ಯೆಯಿರುವ ಬಿಲ್ ಕೊಡಲೇಬೇಕು, ಮತ್ತು 2025ರ ಸೆಪ್ಟೆಂಬರ್ 22ರಿಂದ ಕೇಕಿನ ಮೇಲಿನ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿದದ್ದು ಬೆಲೆಯಲ್ಲಿ ಕಾಣಬೇಕಿತ್ತು. ಕಾಣಲಿಲ್ಲ. ಮೈದಾ, ಬೆಣ್ಣೆ, ಬಾಡಿಗೆ ಏರಿದೆ ಎಂದಿದ್ದರೆ ಮರುಮಾತಿಲ್ಲದೆ ಕೊಡುತ್ತಿದ್ದೆ. ಇಲಾಖೆ ತಮಗೆ ಮಾಡಿದ ಅನ್ಯಾಯವನ್ನು ಅದೇ ಹೆಸರಿನಲ್ಲಿ ನಮಗೆ ದಾಟಿಸುವುದು ಸರಿಯಲ್ಲ.

ರುಚಿಗೆ ಐದರಲ್ಲಿ ನಾಲ್ಕೂವರೆ, ವ್ಯವಹಾರಕ್ಕೆ ಎರಡು. ಹೋಗುವವರು ಚಿಲ್ಲರೆ ಇಟ್ಟುಕೊಂಡು ಹೋಗಿ, ಬಿಲ್ ಕೇಳಿ.