ಸಾಮಾನ್ಯ ಫ್ಯಾನೋ, ಬಿಎಲ್‌ಡಿಸಿ ಫ್ಯಾನೋ?

ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಿನಲ್ಲಿ ಸುಮಾರು 75 ವಾಟ್ ಎಳೆಯುತ್ತದೆ. ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನಿಗೆ 30 ವಾಟ್ ಆಸುಪಾಸು ಸಾಕು. ದಿನಕ್ಕೆ 12 ಗಂಟೆ ಓಡಿಸಿದರೆ ತಿಂಗಳಿಗೆ ಮೊದಲನೆಯದು 27 ಯೂನಿಟ್, ಎರಡನೆಯದು 11 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತಿಟ್ಟುಕೊಂಡರೆ ಒಂದು ಫ್ಯಾನಿಗೆ ತಿಂಗಳಿಗೆ 96 ರೂಪಾಯಿ ಉಳಿತಾಯ. ಕೊಳ್ಳುವಾಗ 1,500 ರೂಪಾಯಿ ಜಾಸ್ತಿ ಕೊಟ್ಟಿದ್ದರೂ ಒಂದೂವರೆ ವರ್ಷದೊಳಗೆ ವಾಪಸ್ ಬಂತು.

ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ಮನೆಗೆ ಈ ಲೆಕ್ಕ ಹೊಂದುವುದಿಲ್ಲ. ಅಂಥವರಿಗೂ ಯುಪಿಎಸ್ ಇದ್ದರೆ ಲಾಭವುಂಟು: ಕರೆಂಟ್ ಹೋದಾಗ ಅದೇ ಬ್ಯಾಟರಿಯಲ್ಲಿ ಬಿಎಲ್‌ಡಿಸಿ ಫ್ಯಾನ್ ಎರಡು ಪಟ್ಟು ಹೊತ್ತು ತಿರುಗುತ್ತದೆ.

ರಿಪೇರಿಯಲ್ಲಿ ಮಾತ್ರ ಹಳೆಯದೇ ಗೆಲ್ಲುತ್ತದೆ. ಕೆಪಾಸಿಟರ್ ಹೋದರೆ ಬೀದಿ ಕೊನೆಯ ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಬದಲಿಸುತ್ತಾನೆ. ಬಿಎಲ್‌ಡಿಸಿಯ ಬೋರ್ಡ್ ಸುಟ್ಟರೆ ಕಂಪನಿಯವರಿಗೇ ಕಾಯಬೇಕು. ಹಾಗಾಗಿ ವಾರಂಟಿ ಎಷ್ಟು ವರ್ಷ ಅಂತ ಮೊದಲು ಕೇಳಿ. ಬಿಎಲ್‌ಡಿಸಿಯ ವೇಗವನ್ನು ರಿಮೋಟಿನಲ್ಲಿ ಬದಲಿಸುವುದರಿಂದ ಗೋಡೆಯ ಹಳೆ ರೆಗ್ಯುಲೇಟರ್ ಕೂಡ ತೆಗೆಸಬೇಕು. ರಿಮೋಟ್ ಕಳೆದುಹೋಗುವ ಕಾಟ ಬೇರೆ!

ರಾತ್ರಿಯಿಡೀ ಓಡುವ ಮಲಗುವ ಕೋಣೆಗೆ ಬಿಎಲ್‌ಡಿಸಿ ಹಾಕಿಸಿ. ನೆಂಟರು ಬಂದಾಗಷ್ಟೇ ತಿರುಗುವ ಕೋಣೆಗೆ ಹಳೆಯದೇ ಇರಲಿ.