ಬಿಸಿಯೇರುವ ಪ್ರೊಸೆಸರ್: ಹೊಸ ಪೇಸ್ಟ್ ಸಾಕೋ, ಹೊಸ ಕೂಲರ್ ಬೇಕೋ?

ಏನೂ ಕೆಲಸ ಕೊಡದಿದ್ದರೂ ಪ್ರೊಸೆಸರ್ 70 ಡಿಗ್ರಿ ಸೆಲ್ಸಿಯಸ್ ದಾಟುತ್ತಿದೆಯೇ? ಅದರ ಮೇಲೆ ಕೂತು ಶಾಖ ಹೊರಹಾಕುವ ಕೂಲರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಫ್ಯಾನ್ ತಿರುಗುತ್ತಿಲ್ಲ ಎಂದು ಮೊದಲು ಅನುಮಾನಿಸಿ. ಇದಕ್ಕೆ ಹೊಸ ಕೂಲರ್‌ಗೆ ದುಡ್ಡು ಸುರಿಯಬೇಕಿಲ್ಲ. ಧೂಳು ತೆಗೆಯಿರಿ. ಪ್ರೊಸೆಸರ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪ್ರೊಸೆಸರ್‌ನ ನಟ್ಟನಡುವೆ ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಕೂಲರ್‌ಗೆ ಸ್ಕ್ರೂಗಳಿದ್ದರೆ ಒಂದನ್ನೇ ಪೂರ್ತಿ ಬಿಗಿಯಬೇಡಿ. ಎದುರುಬದುರು ಮೂಲೆಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ತಿರುಗಿಸಿ. ಒಂದು ಬದಿ ಎದ್ದು ಕೂತರೆ ಎಂಥ ದುಬಾರಿ ಪೇಸ್ಟೂ ಕೆಲಸಕ್ಕೆ ಬಾರದು.

ಇಷ್ಟಾದ ಮೇಲೂ ವಿಡಿಯೊ ರೆಂಡರ್ ಮಾಡುವಾಗ ವೇಗ ಕುಸಿಯುತ್ತಿದ್ದರೆ ಕೂಲರ್ ಸಾಲದೇ ಇರಬಹುದು. ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಚಿಪ್‌ಗಳು 100 ಡಿಗ್ರಿ ಆಸುಪಾಸಿನಲ್ಲಿ ತಾವೇ ವೇಗ ಇಳಿಸುತ್ತವೆ. ಎಎಂಡಿಯ ರೈಸನ್ 7000 ಸರಣಿಯ ಕೆಲವು ಚಿಪ್‌ಗಳನ್ನಂತೂ ಭಾರೀ ಕೆಲಸದಲ್ಲಿ 95ರವರೆಗೆ ಏರುವಂತೆಯೇ ರೂಪಿಸಲಾಗಿದೆ. ಆ ಅಂಕಿ ಕಂಡ ಮಾತ್ರಕ್ಕೆ ಗಾಬರಿ ಬೇಡ.

ಹೊಸ ಕೂಲರ್ ಕೊಳ್ಳುವುದಾದರೆ ಹೆಚ್ಚಿನವರಿಗೆ ನನ್ನ ಸಲಹೆ ಟವರ್ ಏರ್ ಕೂಲರ್, ಅಂದರೆ ಲೋಹದ ಎತ್ತರದ ಹಾಳೆಗಳ ಮೇಲೆ ಫ್ಯಾನ್ ಗಾಳಿ ಹಾಯಿಸುವ ಕೂಲರ್. ಅದರಲ್ಲಿ ಕೆಡುವುದು ಫ್ಯಾನ್ ಒಂದೇ, ಬದಲಿಸುವುದೂ ಸುಲಭ. ದ್ರವ ಹರಿಸಿ ಶಾಖವನ್ನು ರೇಡಿಯೇಟರ್‌ಗೆ ಒಯ್ಯುವ ಲಿಕ್ವಿಡ್ ಕೂಲರ್‌ನ ಪಂಪ್ ನಿಂತರೆ ಸಾಮಾನ್ಯವಾಗಿ ಇಡೀ ಘಟಕವನ್ನೇ ಬದಲಿಸಬೇಕು. ಹೆಚ್ಚು ಕೋರ್‌ಗಳ ಚಿಪ್ ಗಂಟೆಗಟ್ಟಲೆ ದುಡಿಯುವಲ್ಲಿ ಮಾತ್ರ ದೊಡ್ಡ ರೇಡಿಯೇಟರ್‌ನ ಲಿಕ್ವಿಡ್ ಕೂಲರ್ ಸಾರ್ಥಕ. ಟವರ್ ತರುವ ಮುನ್ನ ಕ್ಯಾಬಿನೆಟ್‌ನಲ್ಲಿ ಅದರ ಎತ್ತರಕ್ಕೆ ಜಾಗವಿದೆಯೇ, ರ‍್ಯಾಮ್‌ಗೆ ತಾಗುತ್ತದೆಯೇ ನೋಡಿ.

ಪೇಸ್ಟ್, ಕೂಲರ್ ಎರಡಕ್ಕೂ ಮೊದಲು ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ಅದೇ ಕೆಲಸ ಕೊಟ್ಟು ನೋಡಿ. ತಾಪಮಾನ ತಟ್ಟನೆ ಇಳಿದರೆ ಕೊರತೆ ಗಾಳಿಯದು. ಆಗ ಬೇಕಿರುವುದು ಕ್ಯಾಬಿನೆಟ್ ಫ್ಯಾನ್.